ಅಂಬಾಸಿಡರಿನ ಹೊಟ್ಟೆ ತೊಳೆದದ್ದು

ಬೇರೆಯವರ ಮನೆಯಲ್ಲಿ ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ, ಸರಿಯಾಗಿ ಬರುತ್ತದೆ, ಮಾತು ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ. ಓಣಿಯವರೆಲ್ಲ ಅದರಲ್ಲಿ ಪಾಲುದಾರರಾಗುತ್ತಾರೆ, ಅಡುಗೆಮನೆಯ ಪಾತ್ರೆಗಳು ಅಂಗಳಕ್ಕೆ ಬರುತ್ತವೆ, ಯಾರಾದರೂ ಒಬ್ಬರು ಮುನಿಸಿಕೊಂಡು ಊಟ ಬಿಡುತ್ತಾರೆ. ಯಾಕೆ ಹೀಗೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ, ಅಷ್ಟೆ. ಮುಂದೆ ಯಾರಾದರೂ ಬಂದು, ಹೀಗಾಗಲೇ ಇಲ್ಲ ಎಂದು ಹೇಳಬಾರದಲ್ಲ.

೧. ಯಾರು ಹಾಕ್ಯಾರ?

ನಮ್ಮದು ಸೇಡಂ. ಯಜಮಾನರು ವಾಡಿಯಲ್ಲಿ ರೈಲ್ವೆ ನೌಕರಿ ಮುಗಿಸಿ ನಿವೃತ್ತರಾದವರು. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗಲೇ ಚಿತ್ತಾಪುರದ ಒಬ್ಬ ವ್ಯಾಪಾರಿಯಿಂದ ಹಳೆಯದೊಂದು ಅಂಬಾಸಿಡರ್ ಕೊಂಡರು. ಕೆನೆ ಬಣ್ಣದ್ದು. ಕೊಂಡವರು ಅವರು, ನಡೆಸಲು ಕಲಿತವಳು ನಾನು. ಆ ಕಾಲದಲ್ಲಿ ಬಿ.ಎಸ್ಸಿ. ಮುಗಿಸಿದ ಸೊಸೆ ಎಂದು ನನ್ನನ್ನು ನೋಡಲು ಜನ ಬರುತ್ತಿದ್ದರು. ಕಾರು ನಡೆಸಲು ಕಲಿತ ಮೇಲೆ ನೋಡುವುದನ್ನು ಬಿಟ್ಟು ರಸ್ತೆಯಿಂದ ಸರಿದು ನಿಲ್ಲತೊಡಗಿದರು.

ಈಗ ಮಗನಿಗೆ ಹೊಸ ಕಾರಿದೆ. ಅದರ ಕೀಲಿ ಅವನ ಜೇಬಿನಲ್ಲಿರುತ್ತದೆ. ಕೇಳಿದರೆ, "ಎಲ್ಲಿಗಿ ಹೋಗಬೇಕು ಹೇಳವ್ವಾ, ನಾ ಬಿಡ್ತೀನಿ" ಎನ್ನುತ್ತಾನೆ. ಇದಕ್ಕೆ ಮುಂದಿನ ವಾರ ಎಂದು ಅರ್ಥ. ಆದ್ದರಿಂದ ಅಂಬಾಸಿಡರ್ ಇರುವವರೆಗೆ ನಾನು ಬ್ಯಾಂಕಿಗೆ, ಬಜಾರಿಗೆ, ತಂಗಿಯ ಮನೆಗೆ ನನಗೆ ತಿಳಿದಾಗ ಹೋಗುವವಳು. ಅದು ಹೋದ ದಿನದಿಂದ ಒಬ್ಬರನ್ನು ಕೇಳಿ ಹೊರಡುವವಳು.

ಕಳೆದ ದೀಪಾವಳಿಯಿಂದ ಅದರ ಹಿಂಭಾಗದಲ್ಲಿ ಒಂದು ಸದ್ದು ಶುರುವಾಯಿತು. ಮೊದಲು ಸೊಳ್ಳೆಯ ಹಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಹಿಟ್ಟಿನ ಗಿರಣಿಯ ಹಾಗಾಯಿತು. ಆಮೇಲೆ ಅದು ಊಳಿಡತೊಡಗಿತು. ವೇಗ ಹೆಚ್ಚಿದಷ್ಟೂ ಸ್ವರ ಏರುತ್ತಿತ್ತು. ನಾವು ಓಣಿಯಿಂದ ಹೊರಬಿದ್ದರೆ ಹಿಂದೆ ನಾಯಿಗಳು ಉತ್ತರ ಕೊಡುತ್ತಿದ್ದವು.

ಮಗ ಹೇಳಿದ: "ಅವ್ವಾ, ಇದನ್ನ ಶಹಾಬಾದಿನ ಗುಜರಿಯವಗ ಕೊಟ್ಟುಬಿಡೋಣ."

"ಯಾಕ? ಬರೇ ಸದ್ದು ಮಾಡ್ತದ, ಅಷ್ಟೇ. ಸದ್ದು ಮಾಡೋರನ್ನೆಲ್ಲ ಗುಜರಿಗೆ ಹಾಕ್ಲಿಕ್ಕೆ ಹೋದ್ರ ಮನ್ಯಾಗ ಯಾರು ಉಳಿತಾರ?" ಎಂದೆ.

ಅದೇ ಹೊತ್ತಿಗೆ ಮಗಳ ಕುಬಸ ಬಂತು. ಅವಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. ಏಳನೆಯ ತಿಂಗಳಲ್ಲಿ ಬೀಗರ ಮನೆಯಲ್ಲಿ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಅಂಬಾಸಿಡರಿನಲ್ಲೇ ಕರೆತರುತ್ತೇನೆಂದು ಫೋನಿನಲ್ಲಿ ಹೇಳಿದೆ. ಮಗಳು, "ಆ ಸದ್ದಿನ್ಯಾಗ ನಾ ಬರಂಗಿಲ್ಲವ್ವಾ. ಕೂಸು ಅಂಜಿ ದಾರ್ಯಾಗೇ ಹುಟ್ಟತದ" ಎಂದಳು.

ಮಗನಿಗೆ ಇಷ್ಟೇ ಬೇಕಾಗಿತ್ತು. "ಕುಬಸದ ದಿನ ಚಿಂಚೋಳಿ ತನಕ ಊಳಿಡದ ಹೋಗಿ ತೋರಿಸು. ಮುಂದ ನಾ ಗುಜರಿ ಅನ್ನೋ ಶಬ್ದ ತಗಿಯಂಗಿಲ್ಲ. ಊಳಿಟ್ಟಿತಂದ್ರ ನಾನೇ ಹಗ್ಗ ತಗೊಂಡು ಬರ್ತೀನಿ. ಅಲ್ಲಿಂದ ಸೀದಾ ಶಹಾಬಾದ್."

ಒಪ್ಪಿದೆ. ನನಗೆ ಧೈರ್ಯವಿತ್ತು. ಸದ್ದು ಹಿಂದಿನ ಅಚ್ಚಿನ ನಡುವಿನಿಂದ ಬರುತ್ತಿತ್ತು. ಅಲ್ಲಿ ಗಡಿಗೆಯ ಹೊಟ್ಟೆಯ ಹಾಗೆ ಉಬ್ಬಿದ ಒಂದು ಕಬ್ಬಿಣದ ಗೂಡಿದೆ. ಎಂಜಿನ್ನಿನ ಶಕ್ತಿಯನ್ನು ಎರಡು ಗಾಲಿಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗಿವೆ. ಡಿಫರೆನ್ಷಿಯಲ್ ಎನ್ನುತ್ತಾರೆ. ಅದರ ಎಣ್ಣೆ ಕೆಟ್ಟಿರಬೇಕು, ಬದಲಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಈ ಕಾರಿನ ಎಂಜಿನ್ ಆಯಿಲ್ ಯಾವಾಗ ಬದಲಾಯಿತು, ಟೈರು ಯಾವಾಗ ಬದಲಾದವು, ಎಲ್ಲಕ್ಕೂ ನನ್ನಲ್ಲಿ ತಾರೀಖಿದೆ. ಡಿಫರೆನ್ಷಿಯಲ್ಲಿಗೆ ಮಾತ್ರ ಒಂದೂ ಇಲ್ಲ. ಅದು ಯಜಮಾನರ ಜವಾಬ್ದಾರಿಯಾಗಿತ್ತು. ಹೋಗಿ ಕೇಳಿದೆ.

"ಅದಕ್ಕೂ ಎಣ್ಣಿ ಇರ್ತದೇನು?" ಎಂದರು.

"ಇರ್ತದ. ಕಡೀಕ ಯಾವಾಗ ಹಾಕಿಸಿದ್ರಿ?"

ಅವರು ಪೇಪರು ಮಡಿಸಿದರು. ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ನೆನಪು ಮಾಡಿಕೊಂಡು, "ಕಂಪನಿಯವರು ಹಾಕಿರಬೇಕು ನೋಡು" ಎಂದರು.

೨. ಶಹಾಬಾದಿನ ಅಂಗಡಿ

ಈ ಗೂಡಿಗೆ ಬೇಕಾದದ್ದು ದಪ್ಪನೆಯ ಗೇರ್ ಆಯಿಲ್. ನಮ್ಮ ಕಡೆ ಅದನ್ನು ತೊಂಬತ್ತು ನಂಬರ್ ಎನ್ನುತ್ತಾರೆ. ಸೇಡಂನಲ್ಲಿ ಕೇಳಿದ ಎರಡು ಅಂಗಡಿಗಳಲ್ಲೂ ಟ್ರ್ಯಾಕ್ಟರಿನದನ್ನೇ ತೋರಿಸಿ, "ಇದೂ ಎಣ್ಣೀನೇ ಅಲ್ರಿ" ಎಂದರು. ಡಾಲ್ಡಾ ಕೂಡ ಎಣ್ಣೆಯೇ. ಹಾಗೆಂದು ಕೂದಲಿಗೆ ಹಚ್ಚಿಕೊಳ್ಳುವುದಿಲ್ಲ.

ಶಹಾಬಾದಿನಲ್ಲಿ ಹಳೆಯ ಗಾಡಿಗಳ ಸಾಮಾನಿನ ಅಂಗಡಿ ಇದೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆ. ಮಾಲೀಕರು ಬಿಳಿಗಡ್ಡದ ಸಾಹೇಬರು, ಬಹಳ ಮರ್ಯಾದೆಯವರು.

"ಯಾವ ಗಾಡಿಗಿ ಬೇಕ್ರಿ ಅಮ್ಮಾ?"

"ಅಂಬಾಸಿಡರಿಗೆ."

ಅವರು ಎದ್ದು ನಿಂತರು. ಒಳಗಿನಿಂದ ತಮ್ಮನನ್ನು ಕರೆದರು. "ಬಾರೋ ಇಲ್ಲಿ, ಅಮ್ಮಾರ ಕಡಿ ಅಂಬಾಸಿಡರ್ ಅದಂತ." ತಮ್ಮ ಬಂದು ನಮಸ್ಕಾರ ಮಾಡಿದರು. ಕುರ್ಚಿ ಬಂತು. ಚಹಾ ಬಂತು. ಸಾಹೇಬರು ತಮ್ಮ ಮದುವೆಯ ದಿಬ್ಬಣ ಅಂಬಾಸಿಡರಿನಲ್ಲಿ ಹೋದದ್ದನ್ನು ಹೇಳಿದರು. ಒಂದೇ ಕಾರಿನಲ್ಲಿ ಎಷ್ಟು ಜನ ಕೂತಿದ್ದರು ಎಂಬ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಭಿನ್ನಾಭಿಪ್ರಾಯ ಬಂತು. ತೀರ್ಪು ಕೊಡಲು ಎದುರಿನ ಪಂಕ್ಚರ್ ಅಂಗಡಿಯವರನ್ನು ಕರೆದರು. ಅವರು ಡಿಕ್ಕಿಯಲ್ಲಿ ಕೂತವರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ಕೇಳಿದರು.

ನಾನು ನಡುವೆ, "ತೊಂಬತ್ತು ನಂಬರ್..." ಎಂದೆ.

"ಕುಂದ್ರಿ ಅಮ್ಮಾ, ಏನ್ ಅವಸರ" ಎಂದು ಇನ್ನೊಂದು ಚಹಾ ಹೇಳಿದರು. ಆಮೇಲೆ ಗಾಡಿ ಯಾವ ಬಣ್ಣ, ಸೀಟು ಹಳೆಯದೋ ಹೊಸದೋ, ಡಿಫರೆನ್ಷಿಯಲ್ ಯಾವ ವೇಗದಲ್ಲಿ ಊಳುತ್ತದೆ, ಎಲ್ಲ ಕೇಳಿದರು. ನಾನು ಊಳುವ ಸ್ವರವನ್ನು ಸಣ್ಣದಾಗಿ ಮಾಡಿಯೂ ತೋರಿಸಿದೆ. ನಾಲ್ಕು ಜನ ನಿಂತು ಕೇಳಿದರು. ನಮ್ಮ ಕಾಲೇಜಿನ ಸಂಗೀತ ಸ್ಪರ್ಧೆಯಲ್ಲೂ ನನಗೆ ಅಷ್ಟು ಗಂಭೀರ ಶ್ರೋತೃಗಳು ಸಿಕ್ಕಿರಲಿಲ್ಲ.

ಕಡೆಗೆ ಬಸ್ಸಿನ ಹೊತ್ತಾಯಿತೆಂದು ಎದ್ದೆ. "ಎಣ್ಣಿ ಕೊಡ್ರಿ, ಹೋಗ್ತೀನಿ."

ಸಾಹೇಬರ ಮುಖ ಸಣ್ಣದಾಯಿತು. "ಎಣ್ಣಿ ಇಲ್ರಿ ಅಮ್ಮಾ. ತರಸೋದು ಬಿಟ್ಟು ಭಾಳ ವರ್ಷ ಆತು. ಯಾರೂ ಬರಲಿಲ್ಲಂತ ಬಿಟ್ಟಿದ್ದೆವು. ನೀವು ಬಂದದ್ದು ಛಲೋ ಆತು, ಮನಸ್ಸು ಹಗುರ ಆತು."

೩. ಮಿಸ್ತ್ರಿ ಬಂದ

ಎಣ್ಣೆ ಕೊನೆಗೆ ವಾಡಿಯಲ್ಲಿ ಸಿಕ್ಕಿತು. ಅದರ ಜೊತೆಗೆ ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿಯೂ ಸಿಕ್ಕಿದ. ಅವನು ನನಗೆ ಮೊದಲೇ ಹೇಳಿದ್ದ: "ಅಕ್ಕಾರ, ನಾ ಕೈ ಹಚ್ಚಿದ ಗಾಡಿ ಮತ್ತೊಬ್ಬರ ಗ್ಯಾರೇಜಿಗಿ ಹೋಗಂಗಿಲ್ಲ." ಹೋಗಲು ಅದಕ್ಕೆ ಸಾಧ್ಯವಾಗುವುದಿಲ್ಲ ಎಂದು ಅವನು ಬಿಡಿಸಿ ಹೇಳಿರಲಿಲ್ಲ.

ಅವನು ಬಂದ ದಿನ ಕಾರನ್ನು ಎತ್ತಿ ನಿಲ್ಲಿಸಲು ಏನಾದರೂ ಬೇಕಾಯಿತು. ಪಕ್ಕದ ಮನೆಯವರು ತಮ್ಮ ಅಂಗಳಕ್ಕೆ ಹಾಸಲು ಶಹಾಬಾದಿನ ಫರ್ಸಿಕಲ್ಲು ತರಿಸಿ ಗೋಡೆಗೆ ಆನಿಸಿ ಇಟ್ಟಿದ್ದರು. ಒಂದು ದಿನದ ಮಟ್ಟಿಗೆಂದು ಕೇಳಿ ತಂದೆವು. ನಾಲ್ಕು ಕಡೆ ಒಂದರ ಮೇಲೊಂದು ಪೇರಿಸಿ, ಜಾಕ್ ಹಾಕಿ, ಕಾರನ್ನು ಅದರ ಮೇಲೆ ಏರಿಸಿದ್ದಾಯಿತು. ದೂರದಿಂದ ನೋಡಿದರೆ ಕಟ್ಟೆಯ ಮೇಲೆ ಕೂತ ಗೌಡರ ಹಾಗೆ ಕಾಣುತ್ತಿತ್ತು.

ನಾನು ಇಂಥ ಕೆಲಸಕ್ಕೆ ಮೊದಲು ಓದಿಕೊಳ್ಳುವವಳು. ಆ ಗೂಡಿಗೆ ಎರಡು ಬೋಲ್ಟುಗಳಿವೆ. ಕೆಳಗಿನದು ಹಳೆಯ ಎಣ್ಣೆ ಬಿಡಲು, ಮೇಲಿನದು ಹೊಸದು ತುಂಬಲು. ಮಿಸ್ತ್ರಿಗೆ ಹೇಳಿದೆ: "ಮೊದಲು ಮ್ಯಾಲಿಂದು ಬಿಚ್ಚಪ್ಪಾ. ಅದು ಬಿಚ್ಚಿದ ಮ್ಯಾಲ ಕೆಳಗಿಂದು. ಮ್ಯಾಲಿಂದು ಬಿಚ್ಚಲಿಲ್ಲಂದ್ರ, ಇದ್ದ ಎಣ್ಣೀನೂ ಹೋಗಿ, ಹೊಸಾದು ತುಂಬ್ಲಿಕ್ಕೂ ಬರಂಗಿಲ್ಲ."

"ಅಕ್ಕಾರ, ನೀವು ಛಾ ಮಾಡಕೊಂಡು ಬರ್ರಿ" ಎಂದ.

ಚಹಾ ಮಾಡಿಕೊಂಡು ಬಂದೆ. ಕೆಳಗಿನ ಬೋಲ್ಟು ಬಿಚ್ಚಿತ್ತು. ಕಾಕಂಬಿಯ ಹಾಗೆ ಕಪ್ಪಗೆ, ದಪ್ಪಗೆ, ಗಬ್ಬು ನಾರುತ್ತ ಎಣ್ಣೆ ಇಳಿಯುತ್ತಿತ್ತು. ಅದು ಇಳಿಯುತ್ತಿದ್ದದ್ದು ನನ್ನ ಪರಾತಕ್ಕೆ. ತವರಿನಿಂದ ತಂದ, ದಿನಾ ಜೋಳದ ಹಿಟ್ಟು ನಾದುವ ಪರಾತ.

"ಇದನ್ನ ಯಾರು ಕೊಟ್ರು?" ಎಂದೆ.

ಯಜಮಾನರು, "ಅಗಲ ಇರೋದು ಬೇಕಂದ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅಡುಗೆಮನೆಯಿಂದ ತಾವಾಗಿ ಎದ್ದು ತಂದುಕೊಟ್ಟ ಮೊದಲ ಪಾತ್ರೆ ಅದು.

ಮಿಸ್ತ್ರಿ ಈಗ ಮೇಲಿನ ಬೋಲ್ಟಿಗೆ ಪಾನಾ ಹಾಕಿದ. ಅದು ಅಲ್ಲಾಡಲಿಲ್ಲ. ವಾಡಿಯಲ್ಲಿದ್ದಷ್ಟು ವರ್ಷ ಅಲ್ಲಿನ ಕಾರ್ಖಾನೆಯ ಸಿಮೆಂಟಿನ ಧೂಳು ಅದರ ಸುತ್ತ ಕೂತು, ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ, ಗೋಡೆಗೆ ಒಳ್ಳೆಯ ಗಿಲಾಯಿ ಮೆತ್ತಿದ ಹಾಗೆ ಗಟ್ಟಿಯಾಗಿತ್ತು. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದ. ಬೋಲ್ಟು ತಿರುಗಲಿಲ್ಲ, ಅದರ ಮೂಲೆಗಳು ಮಾತ್ರ ಸವೆದು ಗುಂಡಗಾದವು. ಕಾಲು ಕೊಟ್ಟು ಎಳೆದ. ಯಜಮಾನರೂ ಸೇರಿ ಎಳೆದರು. ಬಸವಣ್ಣಾ ಎಂದು ಹೇಳಿಕೊಂಡು ಎಳೆದರು.

ಕೊನೆಗೆ ಮಿಸ್ತ್ರಿ ಕಾರಿನ ಕೆಳಗಿನಿಂದ ಹೊರಗೆ ಬಂದ. ಬೆವರು ಒರೆಸಿಕೊಂಡ. ತಣ್ಣಗಾದ ಚಹಾ ಕುಡಿದ. ನನ್ನ ಕಡೆ ನೋಡಿ, ನನಗೆ ಗೊತ್ತಿಲ್ಲದ್ದನ್ನು ಸಮಾಧಾನವಾಗಿ ತಿಳಿಸಿ ಹೇಳುವವನ ಹಾಗೆ ಹೇಳಿದ:

"ನೋಡ್ರಿ ಅಕ್ಕಾರ, ಇದರಾಗ ಯಾವಾಗ್ಲೂ ಮೊದಲು ಮ್ಯಾಲಿಂದು ಬಿಚ್ಚಬೇಕ್ರಿ."

೪. ಶಾಖ

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಗೌಂಡಿ ಬಂದ. ಅಂಗಳಕ್ಕೆ ಕಲ್ಲು ಹಾಸುವ ಕೆಲಸ. ಕಲ್ಲು ನಮ್ಮ ಕಾರಿನ ಕೆಳಗಿತ್ತು.

ಪಕ್ಕದ ಮನೆಯವರು ಗೇಟಿಗೆ ಬಂದು ಕೆಮ್ಮಿದರು. "ವೈನಿ, ಫರ್ಸಿ ಬೇಕಾಗ್ಯಾವ್ರಿ."

"ಅದರ ಮ್ಯಾಲ ಕಾರು ಅದರೀ."

"ಅದ ಕಾಣ್ಲಿಕತ್ತದ್ರಿ. ನಾವೇನ್ ಎಲ್ಲಾ ಕೇಳಂಗಿಲ್ಲ. ಮ್ಯಾಲಿನವು ನೀವು ಇಟ್ಕೊಳ್ರಿ. ಕೆಳಗಿನವು ಕೊಟ್ರ ಸಾಕು."

ಹೊಟ್ಟೆಯಲ್ಲಿ ಎಣ್ಣೆ ಇಲ್ಲದ, ಬಾಯಿ ತೆರೆಯದ ಕಾರು. ಇಳಿಸಿದರೆ ಓಡಿಸುವ ಹಾಗಿಲ್ಲ, ಏರಿಸಿಟ್ಟರೆ ನೆರೆಯವರ ಸಂಬಂಧ ಉಳಿಯುವುದಿಲ್ಲ. ಕುಬಸ ಹತ್ತಿರ ಬರುತ್ತಿತ್ತು. ಮಗ ಆಫೀಸಿಗೆ ಹೋಗುವಾಗಲೆಲ್ಲ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಏನೂ ಹೇಳದೆ ಹೋಗುತ್ತಿದ್ದ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ದಿನಾ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಮೊಣಕಾಲಿಗೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟುಕೊಳ್ಳುತ್ತಾರೆ. ಎರಡು ದಿನದಿಂದ ಸುತ್ತಿಗೆಯ ಸದ್ದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು.

"ಏನಾಗ್ಯಾದೋ ಅದಕ್ಕ?" ಎಂದು ಮಿಸ್ತ್ರಿಯನ್ನು ಕೇಳಿದರು.

"ಬೋಲ್ಟ್ ಹಿಡಕೊಂಡದ್ರಿ ಯವ್ವಾ."

"ಎಷ್ಟು ದಿನಕ್ಕೊಮ್ಮಿ ಬಿಚ್ಚತಿದ್ರು?"

"ಬಿಚ್ಚೇ ಇಲ್ರಿ."

"ಹಂಗಾದ್ರ ಕೀಲು ಹಿಡದದ. ಬಡದ್ರ ಬಾವು ಬರ್ತದ. ಶಾಖ ಕೊಡ್ರಿ."

ಮಿಸ್ತ್ರಿ ನಕ್ಕ. ನಾನು ನಗಲಿಲ್ಲ. ಕಾದರೆ ಲೋಹ ಹಿಗ್ಗುತ್ತದೆ. ಸುತ್ತಲಿನ ಗೂಡು ಹಿಗ್ಗಿದರೆ ಬೋಲ್ಟು ಸಡಿಲಾಗಬಹುದು. ಇದನ್ನು ನಾನು ಹೊಸದಾಗಿ ಕಂಡುಹಿಡಿದವಳ ಹಾಗೆ ಎಲ್ಲರಿಗೂ ವಿವರಿಸಿದೆ. ಎಣ್ಣೆ ಹತ್ತಿದ ಕಡೆ ಬೆಂಕಿ ತರುವುದು ಬೇಡವೆಂದು ಉಪ್ಪನ್ನೇ ಹುರಿದು ಹಳೆಯ ಅರಿವೆಯಲ್ಲಿ ಕಟ್ಟಿಕೊಟ್ಟೆ. ಮಿಸ್ತ್ರಿ ಕಾರಿನ ಕೆಳಗೆ ಮಲಗಿ ಶಾಖ ಕೊಡತೊಡಗಿದ. ಅತ್ತೆ ಹೊರಸಿನಿಂದಲೇ ಹೇಳುತ್ತಿದ್ದರು: "ಒತ್ತಿ ಹಿಡೀಬ್ಯಾಡೋ, ಸುಡ್ತದ ಅದಕ್ಕ. ಮುಟ್ಟಿಸಿ ತಗಿ, ಮುಟ್ಟಿಸಿ ತಗಿ. ಹಾಂ, ಹಂಗ."

ಒಂದು ಗಂಟು ಆರುವ ಹೊತ್ತಿಗೆ ಇನ್ನೊಂದು ಹುರಿದೆ. ಅದು ಆರುವ ಹೊತ್ತಿಗೆ ಮತ್ತೊಂದು. ಪಕ್ಕದ ಮನೆಯವರು, ಅವರ ಗೌಂಡಿ, ಹಾಲಿನವಳು, ಎಲ್ಲರೂ ರೋಗಿಯನ್ನು ನೋಡಲು ಬಂದವರ ಹಾಗೆ ಬಂದು ನಿಂತರು. ಆಮೇಲೆ ಮಿಸ್ತ್ರಿ ಪೈಪು ಹಿಡಿಯುವ ದೊಡ್ಡ ಪಾನಾ ಹಾಕಿ ಎಳೆದ. ಕಟ್ ಎಂದಿತು. ಮುರಿಯಿತೆಂದೇ ನಾನು ಕಣ್ಣು ಮುಚ್ಚಿದೆ.

"ಬಿಚ್ಚಿತ್ರಿ" ಎಂದ ಕೆಳಗಿನಿಂದ.

ಮಿಸ್ತ್ರಿ ಯಾರಿಗೂ ಮುಖ ತೋರಿಸದೆ ಅಲ್ಲೇ ಸ್ವಲ್ಪ ಹೊತ್ತು ಮಲಗಿದ. ನಾನು ಲೋಹ ಹಿಗ್ಗುವ ವಿಷಯವನ್ನು ಮತ್ತೊಮ್ಮೆ ಹೇಳಲು ಹೊರಟೆ. ಯಾರೂ ಕೇಳಲಿಲ್ಲ. ಎಲ್ಲರೂ ಅತ್ತೆಯ ಕಡೆ ನೋಡುತ್ತಿದ್ದರು. ಅತ್ತೆ ಮೊಣಕಾಲು ನೀವಿಕೊಳ್ಳುತ್ತ, "ಈಗ ಗಾಳಿ ತಾಗಬಾರದು. ಅರಿವಿ ಸುತ್ತಿ ಮಲಗಸ್ರಿ ಅದಕ್ಕ" ಎಂದರು.

೫. ಔಡಲೆಣ್ಣೆ

ಗೂಡಿನೊಳಗೆ ಇಷ್ಟು ವರ್ಷದ ಕೆಸರು ಕೂತಿರುತ್ತದೆ, ಒಂದೇ ಸಲಕ್ಕೆ ಹೊಸ ಎಣ್ಣೆ ತುಂಬಬಾರದು. ತೆಳ್ಳನೆಯ ಎಣ್ಣೆ ಹಾಕಿ, ಗಾಲಿಗಳನ್ನು ಕೈಯಿಂದ ತಿರುಗಿಸಿ, ಕೆಳಗಿನಿಂದ ಬಿಡಬೇಕು. ಬರುವ ಎಣ್ಣೆ ತಿಳಿಯಾಗುವ ತನಕ ಹಾಗೇ ತೊಳೆಯಬೇಕು. ಇದನ್ನು ಮಿಸ್ತ್ರಿ ಹೇಳುತ್ತಿದ್ದಾಗ ಅತ್ತೆ ತಲೆದೂಗಿದರು.

"ಅಂದ್ರ ಭೇದಿ ಕೊಡೋದು."

"ಹಂಗೇ ತಿಳೀರಿ ಯವ್ವಾ."

"ಅದಕ್ಕ ಔಡಲೆಣ್ಣಿ ಬಿಟ್ರ ಬ್ಯಾರೆ ಇಲ್ಲ" ಎಂದು ಒಳಗಿನಿಂದ ತಮ್ಮ ಸೀಸೆ ತರಲು ಹೇಳಿದರು.

"ಅತ್ತಿ, ಅದು ಕಬ್ಬಿಣ. ಮನುಷ್ಯರ ಹೊಟ್ಟಿ ಅಲ್ಲ" ಎಂದೆ.

"ನಿನ್ನ ಗಂಡಗ ಕೊಟ್ಟೀನಿ. ನಿನ್ನ ಮಗಗ ಕೊಟ್ಟೀನಿ. ಇಬ್ಬರೂ ಇನ್ನಾ ನಡೀಲಿಕತ್ತಾರಿಲ್ಲ? ನೀ ಶಾಣೇಕಿ ಇದ್ದೀ, ಒಳಗ ಹೋಗಿ ಅರಿವಿ ತಗೊಂಬಾ."

ಅರಿವೆ ತರಲು ಹೋದದ್ದು ತಪ್ಪಾಯಿತು. ತಿರುಗಿ ಬರುವಷ್ಟರಲ್ಲಿ ಯಜಮಾನರು ತಾಯಿಯ ಸೀಸೆಯನ್ನು ಪೂರ್ತಿ ಬಗ್ಗಿಸಿದ್ದರು. ಅರವತ್ತು ದಾಟಿದ ಗಂಡಸು, ರೈಲ್ವೆಯಲ್ಲಿ ಎಷ್ಟೋ ಜನರಿಗೆ ಹುಕುಂ ಕೊಟ್ಟವರು, ಅವ್ವ ಹೇಳಿದಳೆಂದು ಕಾರಿಗೆ ಔಡಲೆಣ್ಣೆ ಕುಡಿಸಿ ಗಾಲಿ ತಿರುಗಿಸುತ್ತ ಕೂತಿದ್ದರು.

ಮಿಸ್ತ್ರಿ ಕೆಳಗಿನ ಬೋಲ್ಟು ಬಿಚ್ಚಿದ. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಬಳಬಳನೆ ಗಂಜಿಯ ಹಾಗೆ ಏನೋ ಇಳಿಯಿತು. ಮಿಸ್ತ್ರಿ ಕೈಯಲ್ಲಿ ಹಿಡಿದ, ಹಿಚುಕಿದ, ಮೂಸಿ ನೋಡಿದ. ಕಬ್ಬಿಣದ ಚೂರು ಬಂದಿರಬಹುದೆಂದು ನಾನೂ ಬಗ್ಗಿ ನೋಡಿದೆ. ಹಲ್ಲು ಮುರಿದಿದ್ದರೆ ಎಲ್ಲವೂ ಮುಗಿದ ಹಾಗೆ.

"ಏನಪ್ಪಾ ಅದು?"

"ಜೋಳದ ಹೊಟ್ರಿ ಅಕ್ಕಾರ."

ಚಿತ್ತಾಪುರದ ವ್ಯಾಪಾರಿಯ ಕೆಲಸ. ಊಳುವ ಸದ್ದು ಮುಚ್ಚಲು ಮಾರುವ ಮುಂಚೆ ಹೊಟ್ಟು ತುಂಬಿ ಕೊಟ್ಟಿದ್ದ. ಮಾರಿದ ದಿನ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದರ ಹೊಟ್ಟ್ಯಾಗ ಏನೂ ಇಲ್ರಿ" ಎಂದು ಆಣೆ ಮಾಡಿದ್ದ. ಆ ಹೊಟ್ಟು ಇಷ್ಟು ವರ್ಷ ಎಣ್ಣೆಯ ಬಹುಪಾಲನ್ನು ಹೀರಿಕೊಂಡು ಕೂತದ್ದರಿಂದ ಹಲ್ಲುಚಕ್ರಗಳು ಅರೆ ಒಣಗಿಯೇ ತಿರುಗಿದ್ದವು. ನಾನು ಫರ್ಸಿಕಲ್ಲಿನ ಮೇಲೆ ಕೂತುಬಿಟ್ಟೆ. ಪದವಿ ಪಡೆದ ಹೆಂಗಸು, ನಾನು ಇಷ್ಟು ವರ್ಷ ದನದ ಮೇವು ತುಂಬಿದ ಕಾರಿನಲ್ಲಿ ತಲೆಯೆತ್ತಿಕೊಂಡು ಓಡಾಡಿದ್ದೆ.

ಆಮೇಲೆ ಔಡಲೆಣ್ಣೆಯ ಸೀಸೆಯನ್ನು ಬೀಗ ಹಾಕಿಟ್ಟು, ತೊಳೆಯುವ ಎಣ್ಣೆಯನ್ನು ನಾನೇ ಮುಂದೆ ನಿಂತು ಹಾಕಿಸಿದೆ. ನಾಲ್ಕಾರು ಸಲ ತೊಳೆದ ಮೇಲೆ ತಿಳಿಯಾಗಿ ಬಂತು. ಹಲ್ಲುಗಳು ಗಟ್ಟಿಯಾಗಿದ್ದವು. ತೊಂಬತ್ತು ನಂಬರ್ ಎಣ್ಣೆಯನ್ನು ಮೇಲಿನ ತೂತಿನಿಂದ ತುಳುಕುವ ತನಕ ತುಂಬಿಸಿದೆ, ಹೊಸ ಬೋಲ್ಟು ಹಾಕಿಸಿದೆ, ತಾರೀಖು ಬರೆದೆ. ಕಲ್ಲುಗಳು ಪಕ್ಕದ ಮನೆಗೆ ಹೋದವು.

ಓಣಿಯಲ್ಲಿ ಮಾತ್ರ ಅತ್ತೆಯ ಹೆಸರೇ ಹೆಸರು. ಅವರೂ ವೈದ್ಯರ ಗತ್ತಿನಲ್ಲಿ, ಹೊರಟಿದ್ದ ಮಿಸ್ತ್ರಿಯನ್ನು ಕರೆದು ಹೇಳಿದರು: "ಇವತ್ತು ಭಾಳ ಸೋತದ. ನಾಳಿಗಿ ದೂರ ಓಡಸಬ್ಯಾಡ್ರಿ."

೬. ಚಿಂಚೋಳಿಯ ದಾರಿ

ಕುಬಸದ ದಿನ ನಾನು ಮತ್ತು ಯಜಮಾನರು ಬೆಳಿಗ್ಗೆಯೇ ಹೊರಟೆವು. ಗಾಡಿ ನಡೆಸುವಾಗ ಫೋನು ಕೈಗೆ ಸಿಗಬಾರದು ಎಂಬುದು ನನ್ನ ನಿಯಮ. ಇಬ್ಬರದನ್ನೂ ಡಿಕ್ಕಿಯಲ್ಲಿ, ಹಣ್ಣಿನ ಬುಟ್ಟಿಯ ಪಕ್ಕ ಇಟ್ಟೆ. ಮಗ ಮನೆಯಲ್ಲೇ ಉಳಿದ. ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಹಗ್ಗ ಸುತ್ತಿ ಇಟ್ಟಿದ್ದು ನನಗೆ ಕಂಡಿತು.

ಊರು ದಾಟಿದೆವು. ವೇಗ ಹೆಚ್ಚಿಸಿದೆ. ಸದ್ದಿಲ್ಲ. ಇನ್ನಷ್ಟು ಹೆಚ್ಚಿಸಿದೆ. ಇಲ್ಲ. ಎರಡೂ ಕಡೆ ತೊಗರಿ ಹೊಲಗಳು ಸರಿಯುತ್ತಿದ್ದವು. ಎಲ್ಲಿ ಶುರುವಾಗಿಬಿಡುತ್ತದೋ ಎಂದು ನಾವಿಬ್ಬರೂ ಮಾತಾಡದೆ ಹಿಂದಕ್ಕೆ ಕಿವಿಗೊಟ್ಟು ಕೂತಿದ್ದೆವು. ಅರ್ಧ ದಾರಿಯಲ್ಲಿ ಎದುರಿನಿಂದ ಒಂದು ಬೈಕು ಬಂತು. ನಮ್ಮ ಅಳಿಯನ ಹಾಗಿತ್ತು. ಹಾರ್ನ್ ಹೊಡೆದೆ. ಅವನು ತಲೆ ಒಂದು ಕಡೆ ವಾಲಿಸಿಕೊಂಡು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ನಮ್ಮನ್ನು ದಾಟಿ ಹೋದ. ಹೂವು ತರಲು ಹೊರಟಿರಬೇಕು ಎಂದುಕೊಂಡೆ.

ಬೀಗರ ಮನೆಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಒಳಗೆ ಹೋದೆವು. ಯಾರೂ ಎದುರಿಗೆ ಬರಲಿಲ್ಲ. ಪಡಸಾಲೆಯಲ್ಲಿ ಬೀಗರು ಬರೀ ಬನಿಯನ್ನಿನಲ್ಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ಕನ್ನಡಿಯ ಮುಂದೆ ಕೂತಿದ್ದರು. ತಲೆಯ ಅರ್ಧಕ್ಕೆ ಕಪ್ಪು ಬಣ್ಣ ಹಚ್ಚಿಯಾಗಿತ್ತು. ಇನ್ನರ್ಧ ಬೆಳ್ಳಗಿತ್ತು. ಬೀಗತಿ ಒಳಗೆ ಯಾರಿಗೋ ಹೇಳುತ್ತಿದ್ದರು: "ಹೋಳಿಗಿ ಈಗೇ ಹಚ್ಚಬ್ಯಾಡ. ಸೇಡಂನವರ ಸದ್ದೇ ಇಲ್ಲ ಇನ್ನಾ. ಆ ಗಾಡಿ ಎಲ್ಲಿ ಕೂತದೋ ಏನೋ."

"ಹೊರಗ ನಿಂತದ್ರಿ" ಎಂದೆ.

ಬೀಗತಿಯ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಬೀಗರು ಟವೆಲ್ ತಲೆಗೆ ಹಾಕಿಕೊಳ್ಳಲೋ ಮೈಗೆ ಹಾಕಿಕೊಳ್ಳಲೋ ತಿಳಿಯದೆ ಎದ್ದು ನಿಂತರು. "ಬೀಗತೇರ, ನೀವು ಹ್ಯಾಂಗ ಬಂದ್ರಿ?"

"ಕಾರಿನ್ಯಾಗ."

"ಸದ್ದ ಬರಲಿಲ್ಲಲ್ರಿ?"

ಮಗಳು ನಗು ತಡೆದುಕೊಂಡು ಹೇಳಿದ ಮೇಲೆ ನನಗೆ ತಿಳಿಯಿತು. ನಮ್ಮ ಕಾರು ಊರಾಚೆಯ ತಿರುವಿಗೆ ಬಂದಾಗಲೇ ಇಲ್ಲಿ ಕೇಳುತ್ತಿತ್ತು. ಕೇಳಿದೊಡನೆ ಬೀಗರು ಅಂಗಿ ಹಾಕಿಕೊಳ್ಳುತ್ತಿದ್ದರು, ಟಿ.ವಿ. ಬಂದಾಗುತ್ತಿತ್ತು, ಚಹಾಕ್ಕೆ ನೀರು ಏರುತ್ತಿತ್ತು. ಈ ಮನೆಯ ಶಿಸ್ತನ್ನು ನಾನು ಎಷ್ಟು ಸಲ ಹೊಗಳಿದ್ದೆ. ಇವತ್ತು ಹೊತ್ತಾದರೂ ಸದ್ದು ಬರಲಿಲ್ಲವೆಂದು, ಕಾರು ಕೆಟ್ಟು ನಿಂತಿರಬೇಕೆಂದು, ಅಳಿಯನನ್ನು ಹುಡುಕಲು ಕಳಿಸಿದ್ದರು. ಅವನು ದಾರಿಯುದ್ದಕ್ಕೂ ಊಳುವ ಸದ್ದಿಗೆ ಕಿವಿಗೊಟ್ಟು ಸೇಡಂ ಮುಟ್ಟಿ, ಕಾರು ಎಲ್ಲೂ ಇಲ್ಲವೆಂದು ನಮ್ಮ ಮಗನಿಗೆ ಹೇಳಿದ್ದ.

ಹಣ್ಣಿನ ಬುಟ್ಟಿ ತೆಗೆಯಲು ಹೋಗಿ ಡಿಕ್ಕಿ ತೆರೆದೆ. ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಮಗ.

"ಅವ್ವಾ, ಎಲ್ಲಿ ಬಿದ್ದೀರಿ?"

"ಬೀಗರ ಮನಿ ಮುಂದ ನಿಂತೀನಿ."

"ಸುಳ್ಳು ಹೇಳಬ್ಯಾಡ. ಹತ್ತು ಕಡಿ ಫೋನ್ ಮಾಡಿ ಕೇಳಿದೆ, ಊಳೋ ಕಾರು ಯಾರೂ ನೋಡಿಲ್ಲ ಅಂತಾರ." ಒಂದೇ ಉಸಿರಿನಲ್ಲಿ ಮುಂದುವರಿಸಿದ: "ಅವ್ವಾ, ಅದನ್ನ ಗುಜರಿಗಿ ಕೊಡಂಗಿಲ್ಲ, ಆಣಿ ಮಾಡ್ತೀನಿ. ಖರೇ ಹೇಳು, ಯಾವ ತೆಗ್ಗಿನ್ಯಾಗ ಇದ್ದೀರಿ? ಅಪ್ಪಗ ಪೆಟ್ಟಾಗ್ಯಾದೇನು?"

ತಾಯಿಯ ಕರುಳು. ಅವನನ್ನು ಕೂಡಲೇ ಸಮಾಧಾನ ಮಾಡಬೇಕಾಗಿತ್ತು. ನಾನು, "ಲೈನ್ ಸರಿ ಇಲ್ಲೋ. ಗುಜರಿದು ಏನೋ ಅಂದ್ಯಲ್ಲ, ಅದಷ್ಟು ಇನ್ನೊಮ್ಮಿ ಹೇಳು" ಎಂದೆ.

೭. ತಿರುಗಿ ಬಂದದ್ದು

ಮಗ, ಅಳಿಯ ಬಂದು ಮುಟ್ಟಿದ ಮೇಲೆ ಕುಬಸ ಚೆನ್ನಾಗಿಯೇ ಆಯಿತು. ಫೋಟೊಗಳಲ್ಲಿ ಬೀಗರು ರುಮಾಲು ಸುತ್ತಿಕೊಂಡೇ ಇದ್ದಾರೆ.

ಸಂಜೆ ಮಗಳನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿಕೊಂಡು ಹೊರಟೆ. ಯಜಮಾನರು ನನ್ನ ಪಕ್ಕ ಕೂತರು. ಕಾರು ನನ್ನದಾಗಿ ಉಳಿದಿತ್ತು. ಇನ್ನು ಯಾರನ್ನೂ ಕೇಳದೆ ಎಲ್ಲಿಗಾದರೂ ಹೋಗಬಹುದು. ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು. ಆ ಮೌನದಲ್ಲಿ ಪಕ್ಕದಿಂದ ಒಂದು ದನಿ ಕೇಳಿತು.

"ಎಡಕ್ಕ ತಗೋ."

ತೆಗೆದುಕೊಂಡೆ.

"ಇಷ್ಟು ಬ್ಯಾಡ. ಎಮ್ಮಿ ಬರ್ಲಿಕತ್ತದ. ಬ್ರೇಕ್ ಮ್ಯಾಲ ಕಾಲಿಡು. ಗೇರ್ ಬದಲಿ ಮಾಡು. ಈಗಲ್ಲ. ಈಗ. ಲಾರಿ ಅದ ಮುಂದ. ಲಾರಿ ಕಂಡ್ತಿಲ್ಲ ನಿನಗ?"

"ಕಂಡದ್ರಿ."

"ಮತ್ತ ಹಾರ್ನ್ ಯಾಕ ಹೊಡೀಲಿಲ್ಲ? ತೆಗ್ಗು, ತೆಗ್ಗು. ಹಾಂ. ಸಾವಕಾಶ. ಬಲಕ್ಕ ನೋಡು. ನನ್ನ ಕಡಿ ನೋಡಬ್ಯಾಡ, ರಸ್ತೆ ನೋಡು."

ಹಿಂದಿನಿಂದ ಮಗಳು, "ಅವ್ವಾ, ಅಪ್ಪ ಹಿಂಗ ಮಾತಾಡ್ತಾರೇನು?" ಎಂದಳು.

"ನನಗೂ ಇವತ್ತೇ ಗೊತ್ತಾಗ್ಲಿಕತ್ತದ" ಎಂದೆ. ಅವರ ಕಡೆ ತಿರುಗಿ ಕೇಳಿದೆ: "ಯಾವಾಗಿಂದರೀ ಇದು?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ದೀಪಾವಳಿಯಿಂದ ದಾರಿಯುದ್ದಕ್ಕೂ ಹೇಳಕೋತ ಬಂದೀನಲ್ಲ. ಅದಕ್ಕೂ ಮೊದಲು ಒಂದು ಮಾತಂದ್ರ ನೀ ಸಿಟ್ಟಿಗೇಳ್ತಿದ್ದಿ, ಸುಮ್ಮನಿರ್ತಿದ್ದೆ. ಆಮ್ಯಾಲ ಎದುರು ಮಾತಾಡದ ಕೇಳತಿದ್ದಿ. ಅದಕ್ಕೇ ಈಗೀಗ ಇಷ್ಟು ಛಂದ ಹೊಡೀತಾಳ ಅಂತ ನಾ ಎಲ್ಲಾರ ಮುಂದ ಹೇಳೀನಿ."

ಹಿಂದಿನ ಸೀಟಿನಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಹೆರಿಗೆ ನೋವೇ ಬಂತೆಂದು ತಿಳಿದು ಯಜಮಾನರು, "ಗಾಡಿ ನಿಲ್ಲಸು. ನಿಲ್ಲಸಬ್ಯಾಡ, ಜೋರಾಗಿ ಹೊಡಿ. ಸಾವಕಾಶ" ಎಂದರು. ಸೇಡಂ ಮುಟ್ಟುವ ತನಕ ಅವರು ಬಾಯಿ ಮುಚ್ಚಲಿಲ್ಲ. ಊಳುತ್ತಿದ್ದ ಕಾಲದಲ್ಲಿ ಅದೇ ದಾರಿ ಎಷ್ಟು ಸಣ್ಣದಾಗಿತ್ತು.

ಮರುದಿನ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ವಾಡಿಯ ಮಿಸ್ತ್ರಿಗೆ ಫೋನು ಮಾಡಿದೆ. ಎಣ್ಣೆ ಚೆನ್ನಾಗಿ ಕೂತಿದೆ, ಸದ್ದು ಪೂರ್ತಿ ಹೋಗಿದೆ ಎಂದು ಹೇಳಿದೆ. ಅವನಿಗೆ ಸಂತೋಷವಾಯಿತು. ಆಮೇಲೆ ದನಿ ತಗ್ಗಿಸಿ ಕೇಳಿದೆ:

"ಅದನ್ನ ತುಸಾ ವಾಪಸ್ ತರ್ಲಿಕ್ಕೆ ಬರ್ತದೇನಪ್ಪಾ?"

ಅವನೂ ದನಿ ತಗ್ಗಿಸಿದ.

"ಯಾಕ್ರಿ ಅಕ್ಕಾರ, ಯಜಮಾನ್ರು ಪಕ್ಕದಾಗ ಕುಂದರ್ತಾರೇನ್ರಿ?"